ಖಾಲಿ ಕೋಣೆಯಿಂದ ಬಂದ ಗಂಟೆ

"ಸತ್ತವರು ಗಂಟೆ ಒತ್ತೋದುಂಟಾ ಮಾವ?" ಎಂದು ಆ ಹೆಂಗಸು ಕೇಳಿದಾಗ ಟೀಚರ್ ಕೈಯಲ್ಲಿದ್ದ ಚಿತ್ರಪಟ್ಟಿಯನ್ನು ಕೆಳಗಿಟ್ಟರು.

ಅದು ವೈ-ಫೈ ಎಕ್ಸ್‌ಟೆಂಡರುಗಳ ಪಟ್ಟಿ. ಟೀಚರ ಮಲಗುವ ಕೋಣೆಗೆ ಸಿಗ್ನಲ್ ಬರುತ್ತಿರಲಿಲ್ಲ. ಯಾವುದನ್ನು ಕೊಳ್ಳಲಿ ಎಂದು ಕೇಳಲು ಅವರು ಪಕ್ಕದ ಮನೆಯ ಲೈನ್‌ಮಾವನ ಹತ್ತಿರ ಬಂದಿದ್ದರು. ಮೂವತ್ತೈದು ವರ್ಷ ಟೆಲಿಫೋನ್ ಕಂಬ ಹತ್ತಿ ನಿವೃತ್ತರಾದವರಿಗೆ ಬೀದಿಯವರಿಟ್ಟ ಹೆಸರು ಅದು. ಎಲ್ಲಿ ತಂತಿ ತುಂಡಾಗಿದೆ ಎಂದು ಹುಡುಕುತ್ತಿದ್ದ ತಾಳ್ಮೆಯಲ್ಲೇ ಅವರು ಈಗ ಜನರ ತಂಟೆಗಳನ್ನು ಬಿಡಿಸುತ್ತಿದ್ದರು. ಅಂಥ ಏಳೆಂಟು ಪ್ರಸಂಗಗಳಲ್ಲಿ ಟೀಚರ್ ಅವರ ಜೊತೆಗಿದ್ದರು.

ಬಂದವಳು ರಟ್ಟಿನವರ ಮನೆಯ ದಾದಿ. ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಮನೆತನದ ಹಿರಿಯರು ಪಾರ್ಶ್ವವಾಯುವಿನಿಂದ ಮಲಗಿದ್ದು, ಮೂರು ದಿನದ ಹಿಂದೆ ತೀರಿಕೊಂಡಿದ್ದರು. ಅವರ ಕೊರಳಲ್ಲೊಂದು ಗುಂಡಿ ಇರುತ್ತಿತ್ತು. ಒತ್ತಿದರೆ ವೈ-ಫೈ ಮೂಲಕ ದಾದಿಯ ಫೋನಿನಲ್ಲಿ ಗಂಟೆ ಬಾರಿಸುತ್ತಿತ್ತು. ಸಿಗ್ನಲ್ ಕೊನೆಯ ಕೋಣೆಯವರೆಗೆ ಮುಟ್ಟಲಿ ಎಂದು ಮಗ ಎಕ್ಸ್‌ಟೆಂಡರ್ ತಂದು ನಡುಮನೆಯಲ್ಲಿ ಸಿಕ್ಕಿಸಿದ್ದ.

"ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನಾನೇ ಒತ್ತಿ ನೋಡ್ದೆ, ಹೊಡೀತು," ಎಂದಳು ದಾದಿ. "ಒಂದು ಗಂಟೆಗೆ ಅಜ್ಜನ್ನ ಮಲಗಿಸಿ ಮುಂದಿನ ಕೋಣೇಲಿ ಫೋನ್ ಮಡಿಲಲ್ಲಿಟ್ಕೊಂಡು ಕೂತಿದ್ದೆ. ಮೂರಕ್ಕೆ ಹೋಗಿ ನೋಡಿದ್ರೆ ನೆಲದ ಮೇಲಿದ್ರು. ಬೆರಳು ಗುಂಡಿ ಮೇಲೇ ಇತ್ತು. ಸಾಯಂಕಾಲ ನಾಲ್ಕಕ್ಕೆ ಆಸ್ಪತ್ರೇಲಿ ಹೋಗ್ಬಿಟ್ರು. ನಾನು ಗಂಟೆ ಮುಚ್ಚಿಟ್ಟು ನಿದ್ದೆ ಹೊಡೆದೆ ಅಂತ ಮಗ ದೂರು ಬರೆದಿದ್ದಾರೆ. ಇವತ್ತು ಆರಕ್ಕೆ ನಮ್ಮ ಸಂಸ್ಥೆಗೆ ಕೊಡ್ತಾರಂತೆ. ಕೊಟ್ರೆ ನನ್ನನ್ನ ಇನ್ಯಾವ ಮನೆಯವರೂ ಒಳಗೆ ಬಿಟ್ಕೊಳ್ಳಲ್ಲ."

"ಸತ್ತವರ ಗಂಟೆ ಅಂದ್ಯಲ್ಲ?" ಎಂದರು ಲೈನ್‌ಮಾವ.

"ನಾಲ್ಕು ಹತ್ತಕ್ಕೆ. ಎಲ್ಲರೂ ಆಸ್ಪತ್ರೇಲಿದ್ರು. ನಾನು ಹಿತ್ತಲಲ್ಲಿ ಹೊದಿಕೆ ಒಗೀತಿದ್ದೆ. ಅಜ್ಜನ ಗಂಟೆ ಹೊಡೀತು. ಓಡಿಹೋದ್ರೆ ಕೋಣೆ ಖಾಲಿ, ಗುಂಡಿ ನೆಲದ ಮೇಲಿದೆ. ಅದೂ ಅಲ್ಲದೆ ಹಾಸಿಗೆ..." ಅವಳ ದನಿ ಇಳಿಯಿತು. "ಅದು ಪಂಪಿಂದ ಗಾಳಿ ತುಂಬೋ ಹಾಸಿಗೆ. ಮೂರಕ್ಕೆ ನೋಡಿದಾಗ ಚಪ್ಪಟೆಯಾಗಿತ್ತು, ಅದಕ್ಕೇ ಅಜ್ಜ ಜಾರಿರಬೇಕು. ನಾಲ್ಕು ಹತ್ತಕ್ಕೆ ನೋಡಿದ್ರೆ ತಾನೇ ಊದ್ಕೊಳ್ತಿತ್ತು."

"ತಾನೇ ಊದ್ಕೊಳ್ಳಲ್ಲಮ್ಮ," ಎಂದು ಲೈನ್‌ಮಾವ ಚಪ್ಪಲಿ ಮೆಟ್ಟಿದರು.

ಮೊದಲು ಹೋದದ್ದು ಎಕ್ಸ್‌ಟೆಂಡರ್ ಮಾರಿದ ಅಂಗಡಿಗೆ. "ಟೀಚರಿಗೊಂದು ಬೇಕು. ರಟ್ಟಿನವರ ಮಗ ಒಯ್ದದ್ದು ಹೇಗೆ?" ಎಂದು ಲೈನ್‌ಮಾವ ಗಿರಾಕಿಯಂತೆ ಕೇಳಿದರು.

"ನಾಲ್ಕು ಆಂಟೆನಾ ಕೊಂಬಿಂದು ಕೊಡಿ ಅಂದ್ರು. ಎಲ್ಲರೂ ಕೊಂಬು ಎಣಿಸ್ತಾರೆ ಮಾವ, ಯಾರೂ ಗೋಡೆ ಎಣಿಸಲ್ಲ," ಎಂದು ಅಂಗಡಿಯವನು ನಕ್ಕ. "ಇದು ತನಗೆ ಕೇಳಿಸಿದ್ದನ್ನ ಮಾತ್ರ ಮುಂದಕ್ಕೆ ಕೂಗಿ ಹೇಳುತ್ತೆ. ಅರ್ಧ ದಾರೀಲಿ ಇಡಿ ಅಂದೆ. ತಂತಿ ಎಳೆದು ಜೋಡಿಸೋದು ಇನ್ನೂ ಭದ್ರ. ಅದಕ್ಕೆ ಅಪ್ಪನ ಗೋಡೆ ಕೊರೆಯಲ್ಲ ಅಂದ್ರು."

ರಟ್ಟಿನವರ ಕಾರ್ಯಾಗಾರದ ಗೋಡೆಯಲ್ಲಿ ಪ್ರತಿ ಉಳಿ, ಕತ್ತರಿ, ದಬ್ಬಣದ ಸುತ್ತ ಅದರದೇ ಆಕಾರದ ಕಪ್ಪು ಗೆರೆ ಎಳೆದಿತ್ತು. ಮೇಲೆ ಹಿರಿಯರ ಕೈಬರಹ: ತೆಗೆದದ್ದು ತೆಗೆದಲ್ಲಿಗೆ. ಅದರ ಹಿಂದೆ ಉದ್ದದ ಮನೆ. ಎಕ್ಸ್‌ಟೆಂಡರ್ ನಡುಮನೆಯಲ್ಲೇ ಹಸಿರು ದೀಪ ಹೊತ್ತು ಕೂತಿತ್ತು. ಹಿರಿಯರ ಕೋಣೆಯಲ್ಲಿ ಟೀಚರ್ ತಮ್ಮ ಫೋನನ್ನು ಜೋಡಿಸಿ ನೋಡಿದರು. ಸಿಗ್ನಲ್ ಎರಡೇ ಗೆರೆ. ಮಂಚದ ತಲೆಯ ಹಿಂದೆ ಒಂದೇ ಒಂದು ಪ್ಲಗ್ ಜಾಗ. ಅದರಲ್ಲಿ ಪಂಪು.

"ಸಿಗ್ನಲ್ ಮೇಲೆ ಹಾಕ್ಬೇಡಿ," ಎಂದ ಮಗ, ಬಾಗಿಲಲ್ಲಿ ನಿಂತು. ನಿದ್ದೆಗೆಟ್ಟು ಅವನ ಕಣ್ಣುಗಳು ಕೆಂಪಾಗಿದ್ದವು. "ಆ ದಿನ ಒಂದೂವರೆಗೆ ಇದೇ ಕೋಣೇಲಿ ನನ್ನ ಕಣ್ಣಾರೆ ನೋಡಿದೀನಿ. ನಾಲ್ಕೂ ಗೆರೆ ತುಂಬಿತ್ತು. ಅವಳು ಫೋನ್ ಮುಚ್ಚಿಟ್ಟಿದ್ಲು, ಅಷ್ಟೇ."

ಹಿರಿಯರ ಹೆಂಡತಿ ಹಾಸಿಗೆಯ ಅಂಚು ಸವರುತ್ತ ಮೆಲ್ಲಗೆ ಹೇಳಿದರು: "ಆ ದಿನ ಮಗಳು ಊರಿಂದ ಫೋನಲ್ಲಿ ಮುಖ ತೋರಿಸ್ತೀನಿ ಅಂದಿದ್ಲು. ಬರೀ ಚಕ್ರ ಸುತ್ತಿತಂತೆ, ಅಪ್ಪನ ಮುಖ ಬರಲೇ ಇಲ್ಲವಂತೆ."

"ಆಸ್ಪತ್ರೆಯಿಂದ ಮಧ್ಯೆ ಯಾರಾದ್ರೂ ಮನೆಗೆ ಬಂದಿದ್ರಾ?" ಎಂದು ಲೈನ್‌ಮಾವ ಕೇಳಿದರು.

"ಇವರೇ," ಎಂದಳು ಸೊಸೆ, ಗಂಡನತ್ತ ನೋಡಿ. "ಹಳೇ ರಿಪೋರ್ಟಿನ ಕಡತ ತರೋಕೆ. ನಾಲ್ಕರ ಸುಮಾರಿಗೆ."

ಟೀಚರ್ ಮಗನ ಮುಖ ನೋಡಿದರು. ಕಳೆದ ವರ್ಷ ಅವರೂ ಒಬ್ಬರನ್ನು ಕಳಕೊಂಡಿದ್ದರು. 'ದೇವರೇ, ಈ ಮನೆಯ ಮೇಲೆ ಇನ್ನೊಂದು ಕಲ್ಲು ಬೀಳಿಸಬೇಡ' ಎಂದು ಒಳಗೇ ಬೇಡಿಕೊಂಡರು. ಹೊರಗೆ ಬಂದಾಗ, "ಇಲ್ಲಿಗೇ ಬಿಡಬಾರದಾ ಮಾವ?" ಎಂದರು.

"ಬಿಟ್ರೆ ಆ ದಾದಿಯ ತಲೆ ಮೇಲೆ ಬೀಳುತ್ತೆ ಟೀಚರ್."

ಐದು ಗಂಟೆಗೆ ಎಲ್ಲರೂ ಕಾರ್ಯಾಗಾರದಲ್ಲಿ ಸೇರಿದರು. ದೂರಿನ ಹಾಳೆ ಮೇಜಿನ ಮೇಲಿತ್ತು. ಲೈನ್‌ಮಾವ ಎಕ್ಸ್‌ಟೆಂಡರನ್ನು ಕಿತ್ತು, ಹಿರಿಯರ ಕೋಣೆಯಲ್ಲಿ ಪಂಪಿನ ಜಾಗಕ್ಕೆ ಸಿಕ್ಕಿಸಿ ಬಂದರು. ಹೋಗಿ ನೋಡಿ ಬಂದ ಟೀಚರ್ ಹೇಳಿದರು: "ನಾಲ್ಕು ಗೆರೆ."

"ಅಮ್ಮ, ನೀವು ಹೋಗಿ ಗುಂಡಿ ಒತ್ತಿ."

ಹಿರಿಯಮ್ಮ ಹೋಗಿ ಒತ್ತಿದರು. ಮೇಜಿನ ಮೇಲೆ ಎಲ್ಲರ ಕಣ್ಣೆದುರಿಗಿದ್ದ ದಾದಿಯ ಫೋನ್ ಉಸಿರೆತ್ತಲಿಲ್ಲ.

"ಗೆರೆಗಳು ಹೇಳೋದು ಎಕ್ಸ್‌ಟೆಂಡರ್ ಎಷ್ಟು ಹತ್ತಿರ ಇದೆ ಅಂತ," ಎಂದರು ಲೈನ್‌ಮಾವ. "ಮೂಲ ವೈ-ಫೈ ಅದಕ್ಕೇ ಕೇಳಿಸದೆ ಇದ್ರೆ ಅದು ಏನು ಹೇಳೀತು? ನಡುಮನೇಲಿದ್ರೆ ಆ ಕೋಣೇಲಿ ಎರಡು ಗೆರೆ, ಗಂಟೆ ಹೊಡೆಯುತ್ತೆ. ಕೋಣೇಲೇ ಇದ್ರೆ ನಾಲ್ಕು ಗೆರೆ, ಗಂಟೆ ಇಲ್ಲ. ಮಂಗಳವಾರ ಒಂದೂವರೆಗೆ ಅಲ್ಲಿ ನಾಲ್ಕು ಗೆರೆ ಇತ್ತು. ಅಂದ್ರೆ ಪಂಪನ್ನ ಕಿತ್ತು ಯಾರೋ ಅದನ್ನ ಅಲ್ಲಿ ಹಾಕಿದ್ರು. ಹಾಸಿಗೆ ಇಳೀತು. ಅಜ್ಜ ಜಾರಿದ್ರು, ಒತ್ತಿದ್ರು. ಆ ಕರೆ ಹೊರಗೆ ಹೋಗೋಕೆ ದಾರಿಯಿಲ್ಲದೆ ಗುಂಡಿಯಲ್ಲೇ ಉಳೀತು."

ಅವರು ಒಳಗೆ ಹೋಗಿ ಎಕ್ಸ್‌ಟೆಂಡರನ್ನು ನಡುಮನೆಗೆ ತಂದು ಸಿಕ್ಕಿಸಿದರು. ಕೆಂಪು ದೀಪ ಮಿನುಗಿತು. ಎರಡು ನಿಮಿಷ ಕಳೆದು ದೀಪ ಹಸಿರಾಯಿತು, ಮೇಜಿನ ಮೇಲಿದ್ದ ಫೋನ್ ಗಂಟೆ ಬಾರಿಸಿತು. ದಾದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾಲ್ಕು ಹತ್ತಕ್ಕೆ ಹೊಡೆದದ್ದೂ ಹೀಗೇ. ಮೂರಕ್ಕೆ ಮುಂಚೆ ಸಿಕ್ಕಿಬಿದ್ದಿದ್ದ ಕರೆ. ಅದಕ್ಕೆ ಎರಡು ನಿಮಿಷ ಮುಂಚೆ ಯಾರೋ ಪಂಪನ್ನ ಮತ್ತೆ ಹಾಕಿ, ಎಕ್ಸ್‌ಟೆಂಡರನ್ನ ಅದರ ಜಾಗಕ್ಕೆ ಇಟ್ಟು, ಕಡತ ತಗೊಂಡು ಹೊರಟುಹೋದ್ರು." ಲೈನ್‌ಮಾವ ಗೋಡೆಯ ಬರಹದತ್ತ ನೋಡಿದರು. "ಮುಚ್ಚಿಡೋಕೆ ಅಂತ ಅಲ್ಲ. ಈ ಮನೇಲಿ ಬೆಳೆದ ಕೈ, ತಾನಾಗಿ ಮಾಡಿರುತ್ತೆ."

ಮಗ ಮೇಜಿನ ಮುಂದೆ ಕೂತ.

"ತಂಗಿ ಮುಖ ಅಪ್ಪನಿಗೆ ಸರಿಯಾಗಿ ಕಾಣಲಿ ಅಂತ," ಎಂದ. "ಚಕ್ರ ಸುತ್ತಾನೇ ಇತ್ತು. ಆಮೇಲೆ ನೋಡೋಣ ಅಂತ ಹಾಗೇ ಬಿಟ್ಟು ಬಂದೆ. ಅವಳೇ ತಪ್ಪು ಮಾಡಿರಲಿ ಅಂತ ಮೂರು ದಿನದಿಂದ..." ಅವನು ಲೈನ್‌ಮಾವನತ್ತ ತಿರುಗಿದ. "ಮಾವ, ನಾನು ಯಾವುದನ್ನ ತರಬೇಕಿತ್ತು?"

"ತಂದದ್ದು ಸರಿಯಾಗೇ ಇತ್ತಪ್ಪ. ಮೊದಲು ಇಟ್ಟ ಜಾಗವೂ ಸರಿಯಾಗೇ ಇತ್ತು."

ಹಿರಿಯಮ್ಮ ಒಳಗಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಅವರು ಮೇಜಿನ ಬಳಿ ಬಂದು ದೂರಿನ ಹಾಳೆಯನ್ನು ಮಗುಚಿದರು. ಗೋಡೆಯಿಂದ ಗಂಡನ ಲೇಖನಿ ತೆಗೆದು ಮಗನ ಮುಂದಿಟ್ಟರು. "ನಡೆದದ್ದನ್ನ ಬರಿ. ಇವಳು ದಿನಾ ಬೆಳಿಗ್ಗೆ ಒತ್ತಿ ನೋಡ್ತಿದ್ದಳು ಅನ್ನೋದನ್ನೂ ಬರಿ."

ಅವನು ಬರೆದ. ದಾದಿ ಅದನ್ನು ಓದದೆ ಮಡಚಿಕೊಂಡು, "ಮಧ್ಯಾಹ್ನವೂ ಒಂದ್ಸಲ ನೋಡಿದ್ರೆ ಆಗ್ತಿತ್ತು ಅಮ್ಮ," ಎಂದಳು. ಹಿರಿಯಮ್ಮ ಅವಳ ಕೈ ಹಿಡಿದುಕೊಂಡರು.

ಹೊರಡುವಾಗ ಟೀಚರ್ ಒಮ್ಮೆ ತಿರುಗಿ ನೋಡಿದರು. ಲೇಖನಿಯನ್ನು ಗೋಡೆಯ ಕಪ್ಪು ಗೆರೆಯೊಳಗೆ ಇಡಲು ಚಾಚಿದ ಮಗನ ಕೈ ಅರ್ಧದಲ್ಲೇ ನಿಂತುಬಿಟ್ಟಿತ್ತು.