ಸಡಿಲ ಬಿಟ್ಟ ಸ್ಕ್ರೂ

ಸಂಜೆ ಐದೂವರೆಗೆ ರೋಹಿಣಿಯ ಕಾರು ಗೊರಗೊರ ಅನ್ನುತ್ತ ಹುಲೇಕಲ್ ರಸ್ತೆಯ ನನ್ನ ಗ್ಯಾರೇಜಿಗೆ ಬಂತು. ಎಂಟು ವರ್ಷದಿಂದ ತಿಂಗಳಿಗೊಮ್ಮೆ ಇದೇ ಹಳೇ ಕಾರು, ಇದೇ ದೂರು.

“ನಿಲ್ಲಿಸಿದಲ್ಲೇ ಆಫ್ ಆಗ್ತದೆ,” ಅಂದಳು. ಶಿರಸಿಯ ಐಟಿಐಯಲ್ಲಿ ಇಡೀ ದಿನ ಪಾಠ ಮಾಡಿ ಅವಳ ಮುಖ ಬಾಡಿತ್ತು. ನನ್ನದೂ ಹಾಗೇ ಇತ್ತು, ಎಣ್ಣೆ ಮೆತ್ತಿದ್ದರಿಂದ ಕಾಣುತ್ತಿರಲಿಲ್ಲ.

ನಾನು ಬಾನೆಟ್ ಎತ್ತಿದೆ. ಅವಳು ಸ್ಟೂಲಿನ ಮೇಲೆ ಕೂತು ಚಪ್ಪಲಿ ಕಳಚಿದಳು.

“ಇದೇ ಕೊನೆ ಪ್ರಮೋದ. ಯಲ್ಲಾಪುರಕ್ಕೆ ಟ್ರಾನ್ಸ್‌ಫರ್ ಆಯ್ತು. ಇದನ್ನ ಕೊಟ್ಟು ಇಂಜೆಕ್ಷನ್ ಗಾಡಿ ತಗೊಳ್ತೇನೆ. ಅದಕ್ಕೆ ತಿಂಗಳಿಗೊಮ್ಮೆ ಟ್ಯೂನಿಂಗ್ ಬೇಡ.”

ಟ್ಯೂನಿಂಗ್ ಬೇಡ ಅಂದರೆ ಅವಳು ಬರುವುದೂ ಬೇಡ. ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.

“ಇವತ್ತಿನ ಪಾಠವೂ ಆ ಇಂಜೆಕ್ಷನ್ದೇ. ಸಾವಿರದ ಒಂಬೈನೂರ ಐವತ್ತೆಂಟರಲ್ಲೇ ಅಮೆರಿಕದಲ್ಲಿ ಕರೆಂಟಿಂದ ಪೆಟ್ರೋಲ್ ಚಿಮ್ಮಿಸೋ ಕಾರು ಬಂದಿತ್ತು. ಮೂವತ್ತು ಚಿಲ್ಲರೆ ಕಾರು ಅಷ್ಟೇ. ಸರಿ ಬರ್ಲಿಲ್ಲ. ಹೆಚ್ಚಿನವಕ್ಕೆ ಅದನ್ನ ಬಿಚ್ಚಿ ಮತ್ತೆ ಇದರಲ್ಲಿರೋ ಥರದ ಕಾರ್ಬುರೇಟರೇ ಹಾಕಿ ಕೊಟ್ರು.”

“ಹಾಗಾದ್ರೆ ಯೋಚನೆನೇ ತಪ್ಪು.”

“ತಪ್ಪಲ್ಲ ಮಾರಾಯ, ಬೇಗ ಬಂತು. ಈಗ ಎಲ್ಲ ಕಾರಿಗೂ ಅದೇ ಅಲ್ದಾ?” ಓರೆಗಣ್ಣಲ್ಲಿ ನೋಡಿ ನಕ್ಕಳು. ದಣಿದ ನಗು. ‘ಬೇಗ ಬಂತು’ ಅಂದದ್ದು ಕಾರಿಗಷ್ಟೇ ಅಲ್ಲ ಅಂತ ನನಗೆ ಗೊತ್ತಾಯಿತು.

ಎಂಟು ವರ್ಷದ ಹಿಂದೆ ಇಲ್ಲೇ ನಿಂತು ‘ಮದುವೆ ಆಗೋಣ್ವಾ?’ ಅಂತ ಕೇಳಿದವಳು ಅವಳೇ. ನನ್ನ ತಂಗಿಯರಿಬ್ಬರದ್ದು ಮೊದಲು ಆಗಲಿ ಅಂದಿದ್ದೆ. ಎರಡನೆಯವಳದ್ದೂ ಆಗಿ ವರ್ಷವಾಯಿತು. ಮತ್ತೆ ಅವಳೇ ಕೇಳಲಿ ಅಂತ ಕಾದೆ. ನನ್ನಂಥ ಹೆಡ್ಡ ಇಡೀ ತಾಲೂಕಲ್ಲಿಲ್ಲ.

“ರೋಹಿಣಿ, ಗಾಡಿ ಕೆಟ್ಟಿದ್ದಲ್ಲ. ಪ್ರತಿ ಸಲ ಕಾರ್ಬುರೇಟರಿನ ಈ ಸ್ಕ್ರೂ ಸಡಿಲ ಬಿಟ್ಟು ಕಳಿಸ್ತಿದ್ದೆ. ಹೊಂಡದ ರಸ್ತೆಯಲ್ಲಿ ತಿಂಗಳಾಗೋದ್ರೊಳಗೆ ಅದು ತಿರುಗಿ ಹೋಗ್ತಿತ್ತು. ನೀನು ಬರ್ತಿದ್ದೆ.”

“ಗೊತ್ತಿತ್ತು.”

“ಎಂತ?”

“ಆ ಸ್ಕ್ರೂ ತಿರುಗಿಸೋದನ್ನ ಕಲಿಸಿಯೇ ನಾನು ಸಂಬಳ ತಗೊಳ್ಳೋದು. ಮನೇಲೇ ಎರಡು ನಿಮಿಷದ ಕೆಲಸ.”

ಎಂಟು ವರ್ಷದಲ್ಲಿ ಮೊದಲ ಸಲ ಸ್ಕ್ರೂ ಸರಿಯಾಗಿ ಬಿಗಿದು ಸ್ಟಾರ್ಟ್ ಮಾಡಿದೆ. ಇಂಜಿನ್ ಸಮನಾಗಿ ಓಡಿತು. ಇನ್ನು ಇಬ್ಬರಿಗೂ ನೆಪ ಉಳಿದಿರಲಿಲ್ಲ.

“ಅವತ್ತು ನೀ ಕೇಳಿದ್ದನ್ನ ಇವತ್ತು ನಾ ಕೇಳ್ತೇನೆ. ಮದುವೆ ಆಗೋಣ್ವಾ?”

ಅವಳು ಬಾಗಿ ಚಪ್ಪಲಿ ಹತ್ತಿರ ಎಳೆದುಕೊಂಡಳು. ಕಣ್ಣು ತುಂಬಿತ್ತು.

“ಕಾದು ಕಾದು ಸುಸ್ತಾಗಿದೆ ಪ್ರಮೋದ. ಹೂಂ ಅನ್ನೋಕೂ ಶಕ್ತಿ ಇಲ್ಲ.”

ಚಪ್ಪಲಿ ಮೆಟ್ಟಿ ಎದ್ದಳು. ಡ್ರೈವರ್ ಸೀಟು ಖಾಲಿ ಬಿಟ್ಟು ಎಡಗಡೆ ಹೋಗಿ ಕೂತಳು.

“ಮನೆಗೆ ನೀನೇ ಓಡ್ಸು. ಅಪ್ಪನ ಹತ್ರ ನೀನೇ ಹೇಳ್ಬೇಕು.”

ನಾನು ಕೈ ತೊಳೆಯಲು ಓಡಿದೆ.