ಹಸಿರು ಅಂಕಿ, ನೀಲಿ ಅಂಕಿ

"ಏನನ್ನೂ ಮುಟ್ಟಬಾರದು. ಗೊತ್ತಾಯ್ತಾ?"

ಸಿಸ್ಟರ್ ಹುಡುಗಿಯ ಬೆನ್ನ ಹಿಂದೆ ಗೌನಿನ ದಾರ ಕಟ್ಟುತ್ತಾ ಇದೇ ಮಾತನ್ನು ಮೂರನೇ ಸಲ ಹೇಳಿದರು. ಗೌನು ದೊಡ್ಡವರದು. ಅವಳ ಪಾದ ಮುಚ್ಚಿ, ಇನ್ನೂ ಒಂದು ಗೇಣು ನೆಲದ ಮೇಲೆ ಎಳೆದಾಡುತ್ತಿತ್ತು.

"ಹೂಂ ಸಿಸ್ಟರ್."

"ಮಕ್ಕಳನ್ನ ಐಸಿಯು ಒಳಗೆ ಬಿಡೋದೇ ಇಲ್ಲ. ನಿನ್ನ ನೋಡ್ಬೇಕು ಅಂತ ನಿಮ್ಮಪ್ಪನದು ಎರಡು ದಿನದಿಂದ ಒಂದೇ ವರಾತ. ಅದಕ್ಕೇ ಡಾಕ್ಟರ್ ಒಪ್ಪಿದ್ದು. ಹತ್ತೇ ನಿಮಿಷ."

ಅವಳಿಗೆ ಹತ್ತು ವರ್ಷ. ಮನೆಯಲ್ಲಿ ಎಲ್ಲರೂ ಕರೆಯುವುದು ಪಿಟೀಲು ಅಂತ. ಬೆಳಿಗ್ಗೆ ಕಣ್ಣು ಬಿಟ್ಟಾಗ ಕುಯ್ಯಲು ಶುರು ಮಾಡಿದರೆ ಮಲಗುವ ತನಕ ನಿಲ್ಲಿಸುತ್ತಿರಲಿಲ್ಲ. ಆ ಹೆಸರಿಟ್ಟಿದ್ದು ಅಪ್ಪನೇ.

ಅಪ್ಪ ಬಸ್ ಡ್ರೈವರ್. ಮೊನ್ನೆ ಜ್ವರ, ಕೆಮ್ಮು ಅಂತ ಬಂದವರಿಗೆ ನ್ಯುಮೋನಿಯಾ ಆಗಿದೆ ಎಂದು ಇಲ್ಲೇ ಇರಿಸಿಕೊಂಡಿದ್ದರು. ಮಂಚದ ತಲೆಯ ಕಡೆಯನ್ನು ಎತ್ತರಿಸಿ, ಅಪ್ಪನನ್ನು ಅರ್ಧ ಕೂತ ಹಾಗೆ ಒರಗಿಸಿದ್ದರು. ಮೂಗು, ಬಾಯಿಯ ಮೇಲೆ ಆಕ್ಸಿಜನ್ ಮಾಸ್ಕ್. ಪಕ್ಕದಲ್ಲಿ ಪುಟ್ಟ ಟಿವಿಯಂಥ ಮಾನಿಟರ್. ಅದರಲ್ಲಿ ಹಸಿರು ಬಣ್ಣದ 96, ನೀಲಿ ಬಣ್ಣದ 94.

"ಬಂದ್ಯಾ ಪಿಟೀಲು..." ಅಪ್ಪನ ದನಿ ಯಾವುದೋ ಡಬ್ಬದೊಳಗಿಂದ ಬಂದ ಹಾಗಿತ್ತು.

ಸಿಸ್ಟರ್ ಎದುರು ಮಂಚದ ಪರದೆ ಎಳೆದುಕೊಂಡು ಇನ್ನೊಬ್ಬ ರೋಗಿಗೆ ಇಂಜೆಕ್ಷನ್ ಕೊಡಲು ಹೋದರು.

"ಅಪ್ಪ, ನಿಂಗೆ ನೋವಾಗ್ತಿದ್ಯಾ?"

"ಬೆನ್ನು... ಸೀದು ಹೋಗ್ತಿದೆ ಕಣೇ. ಎರಡು ದಿನದಿಂದ... ಕೂತೇ ಇದೀನಿ." ಅಪ್ಪ ಮಂಚದ ಕಂಬಿಯಲ್ಲಿ ನೇತಾಡುತ್ತಿದ್ದ ರಿಮೋಟಿನ ಕಡೆ ಕಣ್ಣು ಹೊರಳಿಸಿದರು. "ಒಂಚೂರು... ಇಳಿಸು. ಮಲ್ಕೋತೀನಿ."

"ಮುಟ್ಟಬೇಡ ಅಂದಿದ್ದಾರೆ."

"ನಮ್ಮಮ್ಮ ಅಲ್ವಾ... ಇಳಿಸಮ್ಮ."

ಅಪ್ಪ ಇಷ್ಟು ದೀನವಾಗಿ ಯಾರನ್ನೂ ಏನನ್ನೂ ಕೇಳಿದ್ದನ್ನು ಅವಳು ಕಂಡಿರಲಿಲ್ಲ.  ರಿಮೋಟ್ ಎತ್ತಿಕೊಂಡು ಕೆಳಮುಖದ ಬಾಣ ಒತ್ತಿದಳು. ಮಂಚ ಗುಂಯ್ ಅನ್ನುತ್ತಾ ಚಪ್ಪಟೆಯಾಯಿತು. ಅಪ್ಪ "ಹಾ..." ಅಂತ ಕಣ್ಣು ಮುಚ್ಚಿದರು.

ಮಾನಿಟರಿನಲ್ಲಿ ಹಸಿರು ಅಂಕಿ ಏರತೊಡಗಿತು. 99. 104. 111.

"ಅಪ್ಪ, ಅಪ್ಪ! ನಿನ್ನ ಮಾರ್ಕ್ಸ್ ಜಾಸ್ತಿ ಆಗ್ತಿದೆ! ನೂರಕ್ಕೆ ನೂರಾಹನ್ನೊಂದು!" ಪಿಟೀಲು ಮೆಲ್ಲಗೆ ಚಪ್ಪಾಳೆ ತಟ್ಟಿದಳು. ನೀಲಿ ಅಂಕಿ ಮಾತ್ರ ಇಳಿಯುತ್ತಿತ್ತು. 92. 90. ಇರಲಿ ಬಿಡು, ಒಂದು ಸಬ್ಜೆಕ್ಟಲ್ಲಿ ಎಲ್ಲರಿಗೂ ಕಡಿಮೆ ಬರುತ್ತೆ ಅಂದುಕೊಂಡಳು.

ಆದರೆ ಅಪ್ಪನ ಎದೆಗೂಡು ಮೇಲೆ ಕೆಳಗೆ ಎಗರಾಡುತ್ತಿತ್ತು. ಕೈ ತಡಕಾಡಿ ಕಂಬಿಯನ್ನು ಗಟ್ಟಿಯಾಗಿ ಹಿಡಿಯಿತು. ನೀಲಿ 87. ಮಾನಿಟರ್ ಟೀಂ ಟೀಂ ಟೀಂ ಎಂದು ಕೂಗಿಕೊಂಡಿತು.

 ಪಿಟೀಲು ರಿಮೋಟ್ ಬಾಚಿಕೊಂಡು ಮೇಲಿನ ಬಾಣ ಒತ್ತಿದಳು. ಮಂಚ ಮೊದಲಿನ ಹಾಗೆ ಏರಿ ನಿಂತಿತು. ರಿಮೋಟನ್ನು ಅದರ ಜಾಗದಲ್ಲೇ ನೇತುಹಾಕುವುದಕ್ಕೂ ಸಿಸ್ಟರ್ ಪರದೆ ಸರಿಸಿ ಓಡಿ ಬರುವುದಕ್ಕೂ ಸರಿಹೋಯಿತು. ಅವರ ಹಿಂದೆಯೇ ಡಾಕ್ಟರಮ್ಮ.

"85! ಬೆಳಿಗ್ಗೆಯಿಂದ ಚೆನ್ನಾಗಿದ್ರಲ್ಲ!" ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. "ಒರಗಿ ಕೂತಿದ್ದಾಗಲೇ ಇಷ್ಟು ಬಿತ್ತು ಅಂದ್ರೆ ಇನ್ಫೆಕ್ಷನ್ ಜಾಸ್ತಿ ಆಗಿರಬೇಕು. ಆಕ್ಸಿಜನ್ ಏರಿಸಿ. ಗಂಟಲಿಗೆ ಟ್ಯೂಬ್ ಹಾಕಬೇಕಾಗಬಹುದು, ಎಲ್ಲ ರೆಡಿ ಮಾಡ್ಕೊಳ್ಳಿ."

ಗಂಟಲಿಗೆ ಟ್ಯೂಬ್!

ಪಿಟೀಲು ರಿಮೋಟಿನ ಕಡೆ ನೋಡಿದಳು. ಹೇಳಿದರೆ ಸಿಸ್ಟರ್ ರೆಟ್ಟೆ ಹಿಡಿದು ಹೊರಗೆ ಹಾಕುತ್ತಾರೆ. ಇನ್ನು ಯಾವತ್ತೂ ಒಳಗೆ ಬಿಡುವುದಿಲ್ಲ. ಬಾಗಿಲ ಆಚೆ ಕೂತಿರುವ ಅಮ್ಮನಿಗೂ ಗೊತ್ತಾಗುತ್ತದೆ. ಹೇಳದಿದ್ದರೆ? ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಂಚ ಸರಿಯಾಗಿಯೇ ಇದೆ.

ಆಯಾ ಟ್ರಾಲಿ ತಳ್ಳಿಕೊಂಡು ಬಂದರು. ಅದರ ಮೇಲೆ ಉದ್ದನೆಯ ಟ್ಯೂಬ್ ಇತ್ತು.

"ನಾನು..." ಅಂದಳು. ದಿನವಿಡೀ ಕುಯ್ಯುವ ಪಿಟೀಲಿಗೆ ಸ್ವರವೇ ಹೊರಡಲಿಲ್ಲ. ಡಾಕ್ಟರಮ್ಮನ ಕೋಟು ಹಿಡಿದು ಜಗ್ಗಿದಳು. "ನಾನು ಮಂಚ ಇಳಿಸಿದ್ದೆ! ಪೂರ್ತಿ! ಈಗ ಏರಿಸಿದೆ! ಅಪ್ಪ ಮಲಗಿದ್ರು!"

ಡಾಕ್ಟರಮ್ಮ ಗಕ್ಕನೆ ತಿರುಗಿದರು. "ಎಷ್ಟು ಹೊತ್ತು?"

"ಸಿಸ್ಟರ್ ಅಲ್ಲಿ ಇಂಜೆಕ್ಷನ್ ಕೊಡೋವಷ್ಟು ಹೊತ್ತು."

ಡಾಕ್ಟರಮ್ಮ ಮಾನಿಟರ್ ನೋಡಿದರು. ಆಮೇಲೆ, "ಟ್ಯೂಬ್ ಇಲ್ಲೇ ಇರಲಿ. ಐದು ನಿಮಿಷ ಕಾಯೋಣ," ಅಂದರು. "ಇವರು ಕೆಳಕ್ಕೆ ಜಾರಿದ್ದಾರೆ. ಮೊದಲು ಮೇಲಕ್ಕೆ ಎಳೀರಿ."

ಸಿಸ್ಟರ್ ಒಂದು ಕಡೆ, ಆಯಾ ಇನ್ನೊಂದು ಕಡೆ ಹಾಸಿದ ಬಟ್ಟೆಯನ್ನು ಹಿಡಿದರು. "ಒಂದು, ಎರಡು, ಮೂರು!" ಅಪ್ಪ ಬಟ್ಟೆಯ ಸಮೇತ ಮೇಲಕ್ಕೆ ಬಂದರು. ತೋಳುಗಳ ಕೆಳಗೆ ದಿಂಬು ಇಟ್ಟರು.

85. 86. 85. ಮತ್ತೆ 86.

ಪಿಟೀಲು ಗೋಡೆಗೆ ಅಂಟಿಕೊಂಡು ನಿಂತಳು. ಏರಪ್ಪಾ, ಏರು. 88.  90. ಹಸಿರು ಅಂಕಿ 110ರಿಂದ 102ಕ್ಕೆ ಬಂತು. ನೀಲಿ 93.

"ಟ್ರಾಲಿ ತಗೊಂಡು ಹೋಗಿ," ಅಂದರು ಡಾಕ್ಟರಮ್ಮ.

ಅಪ್ಪ ಕಣ್ಣು ತೆರೆದರು. "ನಾನೇ... ಹೇಳಿದ್ದು ಅವಳಿಗೆ."

"ನೀವು ಮೊದಲು ಸುಮ್ಮನೆ ಉಸಿರಾಡಿ!" ಎಂದು ಸಿಸ್ಟರ್ ಗದರಿದರು. ಬಾಗಿಲ ಹತ್ತಿರ ಪಿಟೀಲುವಿನ ಗೌನು ಬಿಚ್ಚುವಾಗ ಅವಳಿಗೂ ಮಂಗಳಾರತಿ ಆಯಿತು. "ಅಂಗಾತ ಮಲಗಿದ್ರೆ ಹೊಟ್ಟೆ ಮೇಲಕ್ಕೆ ಒತ್ತುತ್ತೆ. ನಿಮ್ಮಪ್ಪನ ಶ್ವಾಸಕೋಶಕ್ಕೆ ಮೊದಲೇ ಹುಷಾರಿಲ್ಲ, ಹಿಗ್ಗೋಕೆ ಜಾಗ ಸಾಲಲ್ಲ. ಆಕ್ಸಿಜನ್ ಕಡಿಮೆ ಆಗಿ ನೀಲಿ ಅಂಕಿ ಇಳಿಯುತ್ತೆ. ಆಗ ಹೃದಯ ಎದ್ನೋ ಬಿದ್ನೋ ಅಂತ ಓಡುತ್ತೆ, ಹಸಿರು ಅಂಕಿ ಏರುತ್ತೆ. ಪಾಪ, ಅದು ಒದ್ದಾಡ್ತಿತ್ತು. ನೀನು ಚಪ್ಪಾಳೆ ತಟ್ತಾ ಇದ್ದೆ, ಪರದೆ ಆಚೆಗೂ ಕೇಳಿಸ್ತು."

ಪಿಟೀಲುವಿನ ಕಣ್ಣಿಂದ ದಳದಳ ನೀರು ಇಳಿಯಿತು. ಸಿಸ್ಟರ್ ಗೌನಿನ ತುದಿಯಿಂದಲೇ ಅವಳ ಮುಖ ಒರೆಸಿದರು. "ಬಾಯಿ ಬಿಟ್ಟು ಹೇಳಿದ್ಯಲ್ಲ, ಅದಕ್ಕೇ ನಿಮ್ಮಪ್ಪ ಟ್ಯೂಬಿನಿಂದ ತಪ್ಪಿಸ್ಕೊಂಡ್ರು. ನಾಳೆ ಬಾ. ಕೈ ಮಾತ್ರ ಹಿಂದೆ ಕಟ್ಕೊಂಡಿರು."

ಮಾರನೆಯ ದಿನ ಅವಳು ಕೈ ಕಟ್ಟಿಕೊಂಡೇ ನಿಂತಳು. ಹಸಿರು 92, ನೀಲಿ 95.

"ಬೆನ್ನು ಕಣೇ..." ಅಪ್ಪ ಮುಖ ಕಿವುಚಿದರು. "ಎರಡೇ ನಿಮಿಷ ಇಳಿಸು."

"ಆಗಲ್ಲ ಅಪ್ಪ."

"ಒಂದೇ ನಿಮಿಷ. ನನ್ನ ಬಂಗಾರ ಅಲ್ವಾ?"

ಅವಳು ತಲೆಯನ್ನು ಅಡ್ಡಡ್ಡ ಆಡಿಸಿ, "ಸಿಸ್ಟರ್, ಅಪ್ಪನಿಗೆ ಬೆನ್ನು ನೋಯ್ತಿದೆ!" ಎಂದು ಕೂಗಿದಳು.

ಸಿಸ್ಟರ್ ಬಂದು, ತಲೆಯ ಎತ್ತರ ಇಳಿಸದೆಯೇ ಅಪ್ಪನನ್ನು ಒಂದು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ದಿಂಬು ಕೊಟ್ಟರು. ನೀಲಿ ಅಂಕಿ 92ಕ್ಕೆ ಇಳಿಯಿತು. ಪಿಟೀಲು ಹೌಹಾರಿದಳು.

"ತಾಳು. ಹೊರಳಿಸಿದಾಗ ಸ್ವಲ್ಪ ಹಾಗೇ. ನಾನು ನೋಡ್ತಾ ಇರ್ತೀನಿ," ಅಂದರು ಸಿಸ್ಟರ್. "ಬೇಕಾದ್ರೆ ಬೆನ್ನು ನೀವಿಕೊಡು. ಅಷ್ಟಕ್ಕೆ ಮಾತ್ರ ಕೈ ಬಿಡಿಸ್ಕೋಬಹುದು."

ಪಿಟೀಲು ದಿಂಬಿನ ಸಂದಿಯಲ್ಲಿ ಕೈ ತೂರಿಸಿ ಅಪ್ಪನ ಬೆನ್ನು ನೀವತೊಡಗಿದಳು. 93. 95. ಅಪ್ಪ ಕೇಳಿದ್ದನ್ನು ಮಗಳು ಕೊಡಲಿಲ್ಲವೆಂದು ಮುಖ ಗಂಟು ಹಾಕಿಕೊಂಡು ಗೋಡೆ ನೋಡುತ್ತಿದ್ದರು.

ಕೋಪ ಬಂದಿದೆ. ಬರಲಿ, ಅಂದುಕೊಂಡು ಪಿಟೀಲು ನೀವುತ್ತಲೇ ಇದ್ದಳು.