ಒಂದು ಶನಿವಾರಕ್ಕೆ ಒಂದೇ ಹಾಲ್

“ಡೈನೋಸಾರ್ ಆಯ್ತು, ತಿಮಿಂಗಿಲ ಆಯ್ತು. ಈಗ ಹಕ್ಕಿಗಳು! ಬೇಗ ಬಾ ಟಿಲ್ಡಾ,” ಎನ್ನುತ್ತಾ ಅಪ್ಪ ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತತೊಡಗಿದ.

ಟಿಲ್ಡಾ ಕೆಳಗೇ ನಿಂತಳು. “ಡ್ಯಾಡ್, ಇದು ಮೋಸ. ಒಂದು ಶನಿವಾರಕ್ಕೆ ಒಂದೇ ಹಾಲ್. ರೂಲ್ ಮಾಡಿದ್ದು ನೀನೇ.”

“ಇವತ್ತು ರೂಲಿಗೆ ರಜ.”

ಅಪ್ಪ ಅಮ್ಮ ಬೇರೆಯಾದ ಮೇಲೆ, ವಾರ ಬಿಟ್ಟು ವಾರ ಶನಿವಾರ ಅಪ್ಪ ಸಿಗುತ್ತಿದ್ದುದು ಇಲ್ಲೇ. ಅವನ ಬಾಡಿಗೆ ಕೋಣೆಯಲ್ಲಿ ಇಬ್ಬರು ಕೂರಲು ಜಾಗವಿರಲಿಲ್ಲ. ಇಲ್ಲಿ ಬೆಚ್ಚಗಿತ್ತು, ಟಿಕೆಟ್ ಬೇಕಿರಲಿಲ್ಲ. ಲಂಡನ್ನಿನ ಮಳೆ ತಪ್ಪಿಸಿಕೊಂಡು ಒಳಗೆ ಬರುವ ಇಂಥ ಶನಿವಾರದ ಅಪ್ಪಂದಿರು ಬೇಕಾದಷ್ಟು ಜನ. ಮಕ್ಕಳ ಒದ್ದೆ ಕೋಟು ಹೊತ್ತು, ಸ್ಯಾಂಡ್‌ವಿಚ್ ಡಬ್ಬಿ ಹಿಡಿದು ಓಡಾಡುವ ಅವರನ್ನು ಟಿಲ್ಡಾ ದೂರದಿಂದಲೇ ಗುರುತಿಸುತ್ತಿದ್ದಳು.

ಹಕ್ಕಿಗಳ ಹಾಲಿನಲ್ಲೂ ಅಪ್ಪ ನಿಲ್ಲಲಿಲ್ಲ. “ಗೂಬೆ ನೋಡಿದ್ಯಾ? ಸರಿ, ಮುಂದೆ ಕಲ್ಲುಗಳು.”

“ಯಾಕಿಷ್ಟು ಅವಸರ? ಟ್ರೇನ್ ಹಿಡೀಬೇಕಾ?”

ಅಪ್ಪ ಅಲ್ಲೇ ಬೆಂಚಿನ ಮೇಲೆ ಕುಳಿತ. “ಟ್ರೇನ್ ಅಲ್ಲ ಪುಟ್ಟಿ, ವಿಮಾನ. ಬುಧವಾರ. ನ್ಯೂಜಿಲೆಂಡಲ್ಲಿ ಕೆಲಸ ಸಿಕ್ಕಿದೆ. ಇಲ್ಲಿ ಎಲ್ಲೂ ಸಿಗ್ಲಿಲ್ಲ.”

“ಎಷ್ಟು ದಿನಕ್ಕೆ?”

“ಎರಡು ವರ್ಷ. ಆಮೇಲೆ ನೋಡೋಣ. ದಿನಾ ವಿಡಿಯೊ ಕಾಲ್ ಮಾಡ್ತೀನಲ್ಲ.”

“ಅಲ್ಲಿ ನೀನು ಏಳೋ ಹೊತ್ತಿಗೆ ಇಲ್ಲಿ ನಾನು ಮಲಗ್ತಾ ಇರ್ತೀನಿ,” ಎಂದಳು ಟಿಲ್ಡಾ. “ಅದಕ್ಕೇ ಇವತ್ತೇ ಎಲ್ಲಾ ಮುಗಿಸ್ತಿದ್ದೀಯಾ?”

“ನಿಂಗೆ ಏನೂ ಬಾಕಿ ಉಳೀಬಾರ್ದು ಅಂತ.”

“ಉಳಿದ್ರೆ ನೀನು ವಾಪಸ್ ಬರ್ಬೇಕಾಗುತ್ತೆ ಅಂತ ತಾನೆ?”

ಅಪ್ಪ ಬೆಂಚಿನಿಂದ ಎದ್ದು ಅವಳ ಕೋಟು ಎತ್ತಿಕೊಂಡ.

ಕಲ್ಲುಗಳ ಹಾಲಿನ ಬಾಗಿಲಲ್ಲಿ ಟಿಲ್ಡಾ ಕಣ್ಣು ಬಿಗಿಯಾಗಿ ಮುಚ್ಚಿದಳು. “ನಾನು ನೋಡಲ್ಲ. ಇದು ಬಾಕಿ.”

ಅಪ್ಪ ಅವಳ ಕೈ ಹಿಡಿದು ನಡೆಸಿದ.

“ಕಣ್ಣಿಗೆ ಏನಾದ್ರೂ ಬಿತ್ತಾ ಚಿನ್ನ?” ವಯಸ್ಸಾದ ಹೆಂಗಸೊಬ್ಬಳ ದನಿ. ಹಾಲ್ ಕಾಯುವವಳಿರಬೇಕು.

“ಇಲ್ಲ, ನನ್ನ ಮೇಲೆ ಕೋಪ,” ಎಂದ ಅಪ್ಪ.

“ಹಾಗಾದ್ರೆ ತಾಳಿ, ದಾರೀಲಿ ನನ್ನ ಸ್ಟೂಲಿದೆ.” ಸ್ಟೂಲನ್ನು ಸರಿಸಿದ ಸದ್ದು ಕೇಳಿಸಿತು.

ಟಿಲ್ಡಾ ಕಣ್ಣು ಮುಚ್ಚಿಕೊಂಡೇ ನಡೆದಳು. ಹಾಲ್ ಬಾಕಿ ಉಳಿದರೂ ಬುಧವಾರ ಬಂದೇ ಬರುತ್ತದೆ. ಅದು ಅವಳಿಗೆ ಗೊತ್ತಿತ್ತು. ಅಪ್ಪ ಕಲ್ಲುಗಳ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಅವಳು ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದಳು.

ಸುತ್ತ ಕೆಂಪು, ನೀಲಿ, ಹಸಿರು ಕಲ್ಲುಗಳು ಗಾಜಿನೊಳಗೆ ಹೊಳೆಯುತ್ತಿದ್ದವು. ಅಪ್ಪ ಒಂದನ್ನೂ ನೋಡುತ್ತಿರಲಿಲ್ಲ. ಅವಳ ಬೈತಲೆ, ಕಿವಿ, ಸಿಪ್ಪೆಯೆದ್ದ ಮೂಗು, ಬಿಚ್ಚಿಹೋದ ಶೂ ಲೇಸು, ಎಲ್ಲವನ್ನೂ ಒಂದೊಂದಾಗಿ ನೋಡುತ್ತಿದ್ದ. ಇಷ್ಟು ನಿಧಾನವಾಗಿ ಅವನು ಇವತ್ತು ಬೇರೆ ಏನನ್ನೂ ನೋಡಿರಲಿಲ್ಲ.

ಟಿಲ್ಡಾ ಕಣ್ಣು ಪೂರ್ತಿ ತೆರೆದು ಒಂದು ಹಸಿರು ಕಲ್ಲಿನ ಮುಂದೆ ನಿಂತಳು. ಅಪ್ಪನ ಕಡೆ ತಿರುಗಲಿಲ್ಲ. ಅವನು ತನ್ನನ್ನು ನೋಡಿ ಮುಗಿಸುವವರೆಗೂ ಕದಲದೆ ನಿಂತೇ ಇದ್ದಳು.